ಕಪ್ಪು-ಬಿಳುಪು ರೀಲು: ಕಡಿಮೆ ಖರ್ಚಿನ ಫೋಟೊ, ಹೊರನಾಡ ಕನ್ನಡಿಗರ ಹಿರಿಯ ಆಸ್ತಿ

ವಿಶಾಖಪಟ್ಟಣ: ಹೊರನಾಡಿನ ಕನ್ನಡ ಸಂಘವೊಂದು ಬೆಳ್ಳಿಹಬ್ಬಕ್ಕೋ ಚಿನ್ನದ ಹಬ್ಬಕ್ಕೋ ಸಿದ್ಧವಾಗುವಾಗ ಸ್ಮರಣ ಸಂಚಿಕೆಯ ಸಮಿತಿಗೆ ಮೊದಲು ಎದುರಾಗುವ ತೊಂದರೆ ಲೇಖನಗಳದ್ದಲ್ಲ, ಫೋಟೊಗಳದ್ದು. ಮೊದಲ ರಾಜ್ಯೋತ್ಸವದ ಫೋಟೊ ಯಾರ ಬಳಿ ಇದೆ? ಸ್ಥಾಪಕ ಸದಸ್ಯರು ಸಾಲಾಗಿ ನಿಂತ ಗ್ರೂಪ್ ಫೋಟೊ ಎಲ್ಲಿ ಹೋಯಿತು? ವಿಚಾರಿಸುತ್ತ ಹೋದರೆ ಗಾಜಿಗೆ ಅಂಟಿ ಮುಖಗಳೇ ಅಳಿಸಿಹೋದ ಒಂದು ಪ್ರಿಂಟು ಸಿಕ್ಕರೆ ಪುಣ್ಯ. ಅದರ ನೆಗೆಟಿವ್ ಬಗ್ಗೆ ಕೇಳಿದರೆ ಉತ್ತರವಿಲ್ಲ. ಆದರೆ ಬಹಳಷ್ಟು ಸಲ ಆ ನೆಗೆಟಿವ್ ಎಲ್ಲಿಗೂ ಹೋಗಿರುವುದಿಲ್ಲ. ಟ್ರಂಕಿನ ತಳದಲ್ಲಿ, ಹಳೆಯ ಎಲ್‌ಐಸಿ ಪಾಲಿಸಿ ಮತ್ತು ಜಾತಕಗಳ ನಡುವೆ, ಸ್ಟುಡಿಯೊ ಹೆಸರು ಅಚ್ಚಾದ ಲಕೋಟೆಯಲ್ಲಿ ಮಲಗಿರುತ್ತದೆ.

ಮುವ್ವಲವಾನಿಪಾಲೆಂ ಎಂಬ ಉದ್ದ ಹೆಸರನ್ನು ಮೊಟಕುಗೊಳಿಸಿ ಎಲ್ಲರೂ ಕರೆಯುವ ಎಂವಿಪಿ ಕಾಲೋನಿಯ ಮಟ್ಟಿಗೆ ಈ ಮಾತಿಗೆ ಹೆಚ್ಚಿನ ಅರ್ಥವಿದೆ. ಸೆಕ್ಟರುಗಳಾಗಿ ಹರಡಿರುವ, ರೈತು ಬಜಾರಿನಿಂದ ಹೆಸರಾದ ಈ ದೊಡ್ಡ ಬಡಾವಣೆ ಬಂಗಾಳ ಕೊಲ್ಲಿಯ ದಂಡೆಗೆ ಅತಿ ಸಮೀಪದಲ್ಲಿದೆ. ಬ್ಯಾಂಕು, ಬಂದರು, ನೌಕಾಪಡೆ, ಉಕ್ಕಿನ ಕಾರ್ಖಾನೆ ಎಂದು ನೌಕರಿಯ ಬೆನ್ನು ಹಿಡಿದು ವಿಶಾಖಪಟ್ಟಣಕ್ಕೆ ಬಂದವರಿಗೆ ಸಂಜೆಯ ಕಡಲ ಗಾಳಿ ಹಿತ. ಟ್ರಂಕಿನಲ್ಲಿರುವ ಫಿಲಂಗೆ ಮಾತ್ರ ಅದೇ ಗಾಳಿ ಶತ್ರು. ಆ ಫಿಲಂ ಏನು, ಅದನ್ನು ತೊಳೆಯುವುದು ಹೇಗೆ, ಇಂದಿಗೂ ಕಡಿಮೆ ಖರ್ಚಿನಲ್ಲಿ ಹೊಸ ರೀಲು ತೆಗೆಯಬಹುದೇ ಎಂಬುದನ್ನು ತಿಳಿದರೆ ಹಳೆಯದನ್ನು ಉಳಿಸುವ ದಾರಿಯೂ ತಾನಾಗಿ ಸಿಗುತ್ತದೆ.

ಹನ್ನೆರಡು ಫೋಟೊಗಳ ಲೆಕ್ಕ

ಮಧ್ಯಮ ವರ್ಗದ ಮನೆಗಳಿಗೆ ಕ್ಯಾಮರಾ ಕಾಲಿಟ್ಟಿದ್ದು ಬಹುಮಟ್ಟಿಗೆ ಅಗ್ಫಾ ಕ್ಲಿಕ್-3 ರೂಪದಲ್ಲಿ. ಭಾರತದಲ್ಲೇ ತಯಾರಾಗುತ್ತಿದ್ದ ಈ ಸರಳ ಡಬ್ಬಿ ಕ್ಯಾಮರಾಕ್ಕೆ 120 ಅಳತೆಯ ರೀಲು ಹಾಕಬೇಕಿತ್ತು. ಒಂದು ರೀಲಿಗೆ ಹನ್ನೆರಡು ಚೌಕಾಕಾರದ ಫೋಟೊ, ಒಂದೊಂದೂ ಸುಮಾರು 6 ಸೆಂ.ಮೀ. ಅಗಲ, ಅಷ್ಟೇ ಎತ್ತರ. ಬಿಸಿಲಿದ್ದರೆ ಬಿಸಿಲಿನ ಗುರುತು, ಮೋಡವಿದ್ದರೆ ಮೋಡದ ಗುರುತು. ಅದಕ್ಕಿಂತ ಹೆಚ್ಚಿನ ವಿದ್ಯೆ ಬೇಕಿರಲಿಲ್ಲ.

ಹನ್ನೆರಡೇ ಎಂದಾಗ ಲೆಕ್ಕ ತಾನಾಗಿ ಬರುತ್ತದೆ. ಮಗುವಿನ ಹುಟ್ಟುಹಬ್ಬಕ್ಕೆ ಎರಡು, ಊರಿನಿಂದ ಬಂದ ಅಜ್ಜ-ಅಜ್ಜಿಯೊಡನೆ ಕಡಲ ದಂಡೆಯಲ್ಲಿ ಎರಡು, ಕೃಷ್ಣದೇವರಾಯನ ಶಾಸನವಿರುವ ಸಿಂಹಾಚಲಕ್ಕೆ ಹೋದಾಗ ಒಂದು, ಸಂಘದ ಕಾರ್ಯಕ್ರಮಕ್ಕೆ ಮೂರು. ಉಳಿದದ್ದು ಯುಗಾದಿಯವರೆಗೆ ಕ್ಯಾಮರಾದೊಳಗೇ ಕಾಯುತ್ತಿತ್ತು. ರೀಲು ಮುಗಿದ ಮೇಲೆ ತೊಳೆಸುವ ಖರ್ಚು, ಪ್ರಿಂಟ್ ಹಾಕಿಸುವ ಖರ್ಚು ಬೇರೆ. ಪ್ರಿಂಟು ಬಂದರೆ ಒಂದು ಪ್ರತಿ ಅಂಚೆಯಲ್ಲಿ ಊರಿಗೆ, ಇನ್ನೊಂದು ಆಲ್ಬಮ್ಮಿಗೆ. ಫೋನು ಕೂಡ ಅಪರೂಪವಾಗಿದ್ದ ದಿನಗಳಲ್ಲಿ ಧಾರವಾಡದ ಅಜ್ಜಿಗೆ ವಿಶಾಖಪಟ್ಟಣದ ಮೊಮ್ಮಗಳು ಎಷ್ಟು ಎತ್ತರ ಬೆಳೆದಿದ್ದಾಳೆಂದು ತಿಳಿಯುತ್ತಿದ್ದುದು ಹೀಗೆ.

ಈ ಫೋಟೊಗಳಲ್ಲಿ ಇಂದು ಬೇರೆಲ್ಲೂ ಕಾಣಸಿಗದ ಸಂಗತಿಗಳೂ ಸೇರಿಕೊಂಡಿವೆ. ಕರಾವಳಿ ಕರ್ನಾಟಕದಲ್ಲಿ ಹುಟ್ಟಿ ದೇಶವೆಲ್ಲ ಹರಡಿದ ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿಯೂ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿಯೂ ಸೇರಿಹೋದವು. ಈ ಮೂರು ಹೆಸರಿನ ಬೋರ್ಡುಗಳ ಕೆಳಗೆ ನಿಂತು ಎಷ್ಟು ಸಿಬ್ಬಂದಿ ಬೀಳ್ಕೊಡುಗೆಯ ಗ್ರೂಪ್ ಫೋಟೊ ತೆಗೆಸಿಕೊಂಡಿಲ್ಲ! ಬೋರ್ಡು ಇಳಿದಿದೆ, ಕಟ್ಟಡವೂ ಬದಲಾಗಿರಬಹುದು. ಉಳಿದಿರುವುದು ನೆಗೆಟಿವ್ ಮಾತ್ರ.

ನೀಲಗಿರಿಯ ‘ಇಂದು’

ಆ ಕಾಲದ ಕಡಿಮೆ ಬೆಲೆಯ ರೀಲಿನ ಕಥೆ ಕರ್ನಾಟಕದ ಗಡಿಗೆ ಅಂಟಿಕೊಂಡ ನೀಲಗಿರಿಯಲ್ಲಿದೆ. ವಿದೇಶಿ ವಿನಿಮಯದ ಅಭಾವವಿದ್ದ ಕಾಲದಲ್ಲಿ ಹೊರದೇಶದ ಫಿಲಂ ತರಿಸುವುದು ದುಬಾರಿಯ ಮಾತು. ಹಾಗಾಗಿ ಕೇಂದ್ರ ಸರಕಾರ 1960ರಲ್ಲಿ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಎಂಬ ಸಾರ್ವಜನಿಕ ಉದ್ದಿಮೆಯನ್ನು ಊಟಿಯಲ್ಲಿ ಸ್ಥಾಪಿಸಿತು. ಫ್ರಾನ್ಸಿನ ಬೋಷೆ ಕಂಪನಿಯ ತಾಂತ್ರಿಕ ಸಹಕಾರ ದೊರೆಯಿತು. ಫಿಲಂ ತಯಾರಿಕೆಗೆ ಧೂಳಿಲ್ಲದ ತಣ್ಣನೆಯ ಗಾಳಿ ಬೇಕು. ಊಟಿಯ ಬೆಟ್ಟದಲ್ಲಿ ಅದಕ್ಕೆ ಬರವಿರಲಿಲ್ಲ.

1967ರಲ್ಲಿ ಉತ್ಪಾದನೆ ಆರಂಭವಾಗಿ ‘ಇಂದು’ ಎಂಬ ಹೆಸರಿನಲ್ಲಿ ಕಪ್ಪು-ಬಿಳುಪು ರೀಲು, ಫೋಟೊ ಕಾಗದ, ಆಸ್ಪತ್ರೆಗಳಿಗೆ ಎಕ್ಸ್-ರೇ ಫಿಲಂ ಹೊರಬಂದವು. ಇಂದು ಎಂದರೆ ಚಂದ್ರ. ಬೆಳ್ಳಿಯ ಲವಣದಿಂದ ಮಾಡಿದ ಫಿಲಂಗೆ ಇದಕ್ಕಿಂತ ಒಪ್ಪುವ ಹೆಸರು ಸಿಗುವುದು ಕಷ್ಟ. ಕಾರ್ಖಾನೆಯ ಸುತ್ತ ಬೆಳೆದ ವಸತಿಗೂ ಇಂದು ನಗರವೆಂದೇ ಹೆಸರಾಯಿತು. ‘ಇಂದು’ ಜೊತೆಗೆ ಪೂರ್ವ ಜರ್ಮನಿಯ ವೋಲ್ಫೆನ್ ಪಟ್ಟಣದ ‘ಓರ್ವೊ’ ಫಿಲಂ ಕೂಡ ಭಾರತದ ಅಂಗಡಿಗಳಲ್ಲಿ ಸಿಗುತ್ತಿತ್ತು. ಹೊಸದಾಗಿ ಕ್ಯಾಮರಾ ಹಿಡಿದವರಿಗೆ, ಸಣ್ಣ ಊರಿನ ಸ್ಟುಡಿಯೊಗಳಿಗೆ ಇಂಥ ರೀಲುಗಳೇ ಆಧಾರ.

ಕಾಲ ಬದಲಾಯಿತು. ಬಣ್ಣದ ಫಿಲಂ ಅಗ್ಗವಾಯಿತು, ಆಮದಿನ ಬಾಗಿಲು ತೆರೆಯಿತು, ಆಮೇಲೆ ಡಿಜಿಟಲ್ ಬಂತು. ಊಟಿಯ ಕಾರ್ಖಾನೆ 1996ರಲ್ಲಿ ರೋಗಗ್ರಸ್ತ ಉದ್ದಿಮೆ ಎಂದು ಘೋಷಿತವಾಯಿತು. 2003ರಲ್ಲಿ ಮುಚ್ಚುವ ಶಿಫಾರಸು ಬಂತು. 2014ರಲ್ಲಿ ಕೇಂದ್ರ ಸಂಪುಟ ಸಮಿತಿ ನೌಕರರ ಸ್ವಯಂ ನಿವೃತ್ತಿಗೆ ಹಣ ಮಂಜೂರು ಮಾಡಿದ ಮೇಲೆ ಆ ಅಧ್ಯಾಯವೇ ಮುಗಿಯಿತು. ಇಡೀ ಒಂದು ತಲೆಮಾರಿನ ಮುಖಗಳನ್ನು ಹಿಡಿದಿಟ್ಟ ರೀಲು ಇನ್ನು ತಯಾರಾಗುವುದಿಲ್ಲ.

ದುಡ್ಡಿದ್ದವರು ಬಣ್ಣಕ್ಕೆ ಹೋದರು, ಇಲ್ಲದವರು ಕಪ್ಪು-ಬಿಳುಪಿನಲ್ಲೇ ಉಳಿದರು ಎನ್ನುವುದು ಪೂರ್ತಿ ನಿಜವಲ್ಲ. ಮೈಸೂರಿನ ಟಿ.ಎಸ್. ಸತ್ಯನ್ (1923-2009) ಜನಸಾಮಾನ್ಯರ ಬದುಕನ್ನು ಕಪ್ಪು-ಬಿಳುಪಿನಲ್ಲಿ ಸೆರೆಹಿಡಿದೇ ದೇಶದ ಹಿರಿಯ ಪತ್ರಿಕಾ ಛಾಯಾಗ್ರಾಹಕರ ಸಾಲಿನಲ್ಲಿ ನಿಂತರು. 1977ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಸಂಡೂರಿನ ಎಂ.ವೈ. ಘೋರ್ಪಡೆ (1931-2011) ಎಪ್ಪತ್ತರ ದಶಕದಲ್ಲಿ ಕರ್ನಾಟಕದ ಅರ್ಥ ಸಚಿವರಾಗಿದ್ದವರು. ಅವರ ವನ್ಯಜೀವಿ ಚಿತ್ರಗಳಿಗೂ ಕಪ್ಪು-ಬಿಳುಪೇ ಮಾಧ್ಯಮ. ರಾಜ್ಯದ ಬಜೆಟ್ ಮಂಡಿಸಿದವರಿಗೂ ಕಡಿಮೆ ಬಣ್ಣದಲ್ಲಿ ಹೆಚ್ಚು ಹೇಳುವ ರುಚಿ ಹತ್ತಿತ್ತು.

ಬೆಳ್ಳಿ ಮಾಡುವ ಕೆಲಸ

ಫಿಲಂ ಎಂದರೆ ಪಾರದರ್ಶಕ ಪಟ್ಟಿಯ ಮೇಲೆ ಬಳಿದ ಜಿಲೆಟಿನ್ ಪದರ. ಆ ಪದರದಲ್ಲಿ ಬೆಳ್ಳಿಯ ಲವಣದ ಸೂಕ್ಷ್ಮ ಹರಳುಗಳಿರುತ್ತವೆ. ಕ್ಯಾಮರಾದ ಬಾಗಿಲು ಕ್ಷಣಮಾತ್ರ ತೆರೆದಾಗ ಬೆಳಕು ಬಿದ್ದ ಹರಳುಗಳಲ್ಲಿ ಕಣ್ಣಿಗೆ ಕಾಣದ ಬದಲಾವಣೆ ಆಗುತ್ತದೆ. ಡೆವಲಪರ್ ದ್ರಾವಣ ಅಂಥ ಹರಳುಗಳನ್ನು ಮಾತ್ರ ಆರಿಸಿ ಕಪ್ಪು ಬೆಳ್ಳಿಯನ್ನಾಗಿ ಮಾರ್ಪಡಿಸುತ್ತದೆ. ಬಳಿಕ ಹೈಪೋ ಎಂದು ಕರೆಯುವ ಫಿಕ್ಸರ್, ಬೆಳಕು ಬೀಳದೆ ಉಳಿದ ಹರಳುಗಳನ್ನು ಕರಗಿಸಿ ಹೊರಹಾಕುತ್ತದೆ. ಹೆಚ್ಚು ಬೆಳಕು ಬಿದ್ದ ಜಾಗ ಕಪ್ಪು, ಬೆಳಕಿಲ್ಲದ ಜಾಗ ಗಾಜಿನಂತೆ ಸ್ವಚ್ಛ. ಅದೇ ನೆಗೆಟಿವ್.

ಅಂದರೆ ಕಪ್ಪು-ಬಿಳುಪು ನೆಗೆಟಿವ್‌ನಲ್ಲಿ ಚಿತ್ರವಾಗಿ ನಿಂತಿರುವುದು ಬಣ್ಣವಲ್ಲ, ಲೋಹ. ಬಣ್ಣದ ಫಿಲಂನಲ್ಲಿ ಕೊನೆಗೆ ಉಳಿಯುವುದು ಬಣ್ಣದ ರಸಾಯನ, ಅದು ವರ್ಷ ಕಳೆದಂತೆ ಮಾಸುತ್ತದೆ. ಸರಿಯಾಗಿ ತೊಳೆದ ಬೆಳ್ಳಿ ಚಿತ್ರ ಹಾಗೆ ಸುಲಭವಾಗಿ ಮಾಸುವುದಿಲ್ಲ. ತೊಂಬತ್ತರ ದಶಕದ ಬಣ್ಣದ ಪ್ರಿಂಟು ಕೆಂಪಡರಿದ್ದರೂ ಅರುವತ್ತರ ದಶಕದ ಕಪ್ಪು-ಬಿಳುಪು ಚಿತ್ರ ಗಟ್ಟಿಯಾಗಿ ನಿಂತಿರುವುದಕ್ಕೆ ಕಾರಣ ಇದು. ಬೆಳ್ಳಿಗಾಗಿಯೇ ಹಳೆಯ ನೆಗೆಟಿವ್ ಮತ್ತು ಎಕ್ಸ್-ರೇಗಳನ್ನು ತೂಕಕ್ಕೆ ಕೊಳ್ಳುವವರೂ ಇದ್ದಾರೆ. ಹಾಗೆ ಮಾರಿದರೆ ಬರುವ ಹಣ ಅಲ್ಪ, ಹೋಗುವುದು ಮತ್ತೆ ಬಾರದ ಮೂಲ ದಾಖಲೆ.

ವಿಶಾಖದ ಸೆಖೆಯಲ್ಲಿ ಫಿಲಂ ತೊಳೆಯುವುದು

ಮನೆಯಲ್ಲೇ ಫಿಲಂ ತೊಳೆಯಲು ಪೂರ್ತಿ ಡಾರ್ಕ್‌ರೂಂ ಬೇಕಿಲ್ಲ. ಬೆಳಕು ಹೋಗದ ಮುಚ್ಚಳವಿರುವ ಡೆವಲಪಿಂಗ್ ಟ್ಯಾಂಕ್ ಒಂದಿದ್ದರೆ ಸಾಕು. ರೀಲನ್ನು ಟ್ಯಾಂಕಿನ ಸುರುಳಿಗೆ ಏರಿಸುವಷ್ಟು ಹೊತ್ತು ಮಾತ್ರ ಗಾಢ ಕತ್ತಲೆ ಬೇಕು. ರಾತ್ರಿ ಹೊತ್ತು ಬಾಗಿಲ ಸಂದಿಗೆ ಬಟ್ಟೆ ತುರುಕಿದ ಬಚ್ಚಲುಮನೆ ಇದಕ್ಕೆ ಧಾರಾಳ. ಮುಚ್ಚಳ ಹಾಕಿದ ಮೇಲೆ ಉಳಿದದ್ದೆಲ್ಲ ದೀಪದ ಬೆಳಕಿನಲ್ಲೇ ನಡೆಯುತ್ತದೆ.

ಎಲ್ಲರಿಗೂ ಪರಿಚಿತವಾದ ಡೆವಲಪರ್ ಡಿ-76. ಕೊಡಕ್ ಕಂಪನಿ 1920ರ ದಶಕದಲ್ಲಿ ರೂಪಿಸಿದ ಇದರ ಸೂತ್ರ ಬಹಿರಂಗವಾಗಿಯೇ ಇದೆ: ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೊಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ. ಸುಮಾರು 50 ಡಿಗ್ರಿ ಬಿಸಿಯ ಮುಕ್ಕಾಲು ಲೀಟರ್ ನೀರಿನಲ್ಲಿ ಇದೇ ಕ್ರಮದಲ್ಲಿ ಒಂದು ಕರಗಿದ ಮೇಲೆ ಇನ್ನೊಂದನ್ನು ಹಾಕಿ, ಕೊನೆಗೆ ತಣ್ಣೀರು ಸೇರಿಸಿ ಒಂದು ಲೀಟರ್ ಮಾಡಬೇಕು. ತೂಕ ಸರಿಯಾಗಿ ಹಾಕಬಲ್ಲವರಿಗೆ ಇದು ಮನೆಯಲ್ಲೇ ಆಗುವ ಕೆಲಸ, ಇಲ್ಲದಿದ್ದರೆ ಸಿದ್ಧ ಪುಡಿಯ ಪೊಟ್ಟಣ ತರಿಸಬಹುದು. ಮೆಟಾಲ್ ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ, ಕೈಗವಸು ಕಡ್ಡಾಯ. ದ್ರಾವಣವನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ತುಂಬಿಡುವ ಅಭ್ಯಾಸ ಎಂದಿಗೂ ಬೇಡ. ಮಕ್ಕಳ ಕೈಗೆ ಎಟುಕದ ಕಡೆ, ಹೆಸರು ಬರೆದು ಇಡಬೇಕು.

ಇಲ್ಲಿನ ನಿಜವಾದ ತೊಡಕು ನೀರಿನ ಬಿಸಿ. ಫಿಲಂ ಡಬ್ಬಿಯ ಮೇಲೆ ಅಚ್ಚಾದ ಸಮಯ ಸಾಮಾನ್ಯವಾಗಿ 20 ಡಿಗ್ರಿಗೆ ಹೇಳಿದ್ದು. ಮೇ ತಿಂಗಳಲ್ಲಿ ವಿಶಾಖಪಟ್ಟಣದ ಮಹಡಿ ಮೇಲಿನ ಟ್ಯಾಂಕಿನ ನೀರು 30 ಡಿಗ್ರಿ ದಾಟಿದರೆ ಆಶ್ಚರ್ಯವಿಲ್ಲ. ಬಿಸಿ ಹೆಚ್ಚಿದಷ್ಟೂ ಡೆವಲಪರ್ ಚುರುಕಾಗುತ್ತದೆ. 20 ಡಿಗ್ರಿಯಲ್ಲಿ 8 ನಿಮಿಷ ಬೇಕಾದ ಫಿಲಂಗೆ 24 ಡಿಗ್ರಿಯಲ್ಲಿ ಸುಮಾರು ಐದೂವರೆ ನಿಮಿಷ ಸಾಕು. ಐದು ನಿಮಿಷಕ್ಕಿಂತ ಕೆಳಗಿಳಿದರೆ ಚಿತ್ರದಲ್ಲಿ ಗೆರೆ, ಮೋಡ ಕಾಣಿಸಿಕೊಳ್ಳುವ ಸಂಭವ ಹೆಚ್ಚು. ಜಿಲೆಟಿನ್ ಪದರವೂ ಮೆತ್ತಗಾಗಿ ಗೀರು ಬೀಳುತ್ತದೆ.

ಇದಕ್ಕೆ ಎರಡು ಸುಲಭ ಉಪಾಯಗಳಿವೆ. ಮೊದಲನೆಯದು, ಬಕೆಟ್ಟಿನ ನೀರಿಗೆ ಫ್ರಿಜ್ಜಿನ ಐಸ್ ಹಾಕಿ, ದ್ರಾವಣದ ಬಾಟಲಿಗಳನ್ನೆಲ್ಲ ಅದರಲ್ಲಿ ನಿಲ್ಲಿಸಿ 22-24 ಡಿಗ್ರಿಗೆ ಇಳಿಸುವುದು. ಎರಡನೆಯದು, ಡಿ-76ಗೆ ಸಮಪ್ರಮಾಣದ ನೀರು ಬೆರೆಸುವುದು. ತೆಳುವಾದ ದ್ರಾವಣಕ್ಕೆ ಹೆಚ್ಚು ಸಮಯ ಬೇಕಾದ್ದರಿಂದ ಸೆಖೆಯಲ್ಲೂ ಕೆಲಸ ಕೈಮೀರುವುದಿಲ್ಲ. ದ್ರಾವಣವೂ ಅರ್ಧ ಉಳಿತಾಯವಾಗುತ್ತದೆ, ಬೆರೆಸಿದ್ದನ್ನು ಒಮ್ಮೆ ಬಳಸಿ ಚೆಲ್ಲಬೇಕು ಅಷ್ಟೆ. ಡೆವಲಪರ್, ಫಿಕ್ಸರ್, ತೊಳೆಯುವ ನೀರು ಮೂರೂ ಹೆಚ್ಚುಕಡಿಮೆ ಒಂದೇ ಬಿಸಿಯಲ್ಲಿರಬೇಕೆಂಬುದನ್ನು ಮಾತ್ರ ಮರೆಯಬಾರದು. ಥಟ್ಟನೆ ಬಿಸಿ ಬದಲಾದರೆ ಜಿಲೆಟಿನ್ ಬಿರುಕುಬಿಟ್ಟ ಕೆರೆಯಂಗಳದಂತೆ ಸುಕ್ಕುಗಟ್ಟಬಹುದು.

ಫಿಕ್ಸರ್ ಇನ್ನೂ ಚುರುಕಾಗಿದೆಯೇ ಎಂದು ನೋಡಲು ರೀಲಿನ ತುದಿಯ ತುಂಡೊಂದನ್ನು ಅದರಲ್ಲಿ ಅದ್ದಬೇಕು. ಅದು ಪಾರದರ್ಶಕವಾಗಲು ತೆಗೆದುಕೊಳ್ಳುವ ಸಮಯದ ಎರಡರಷ್ಟು ಹೊತ್ತು ಫಿಲಂ ಫಿಕ್ಸರಿನಲ್ಲಿರಲಿ. ಕೊನೆಯ ತೊಳೆತದಲ್ಲಿ ಚೌಕಾಸಿ ಸಲ್ಲದು. ಹೈಪೋ ಉಳಿದರೆ ಮುಂದೆ ಚಿತ್ರವನ್ನೇ ತಿನ್ನುತ್ತದೆ. ಹಾಗೆಂದು ನಲ್ಲಿ ಬಿಟ್ಟು ಕೂರಬೇಕಿಲ್ಲ. ಇಲ್‌ಫೋರ್ಡ್ ಕಂಪನಿ ಹೇಳಿಕೊಟ್ಟ ಕ್ರಮದಂತೆ ಟ್ಯಾಂಕಿಗೆ ನೀರು ತುಂಬಿ 5 ಸಲ ಮಗುಚಿ ಚೆಲ್ಲಿ, ಹೊಸ ನೀರಿನಲ್ಲಿ 10 ಸಲ, ಮತ್ತೆ ಹೊಸ ನೀರಿನಲ್ಲಿ 20 ಸಲ ಮಗುಚಿದರೆ ಸಾಕು. ನೀರಿನ ಬೆಲೆ ತಿಳಿದ ಊರಿಗೆ ಇದು ಒಪ್ಪುವ ಪದ್ಧತಿ.

ಹೊಸ ರೀಲಿಗೆ ಎಷ್ಟು ಖರ್ಚು?

‘ಇಂದು’ ಇಲ್ಲವಾದರೂ ಕಪ್ಪು-ಬಿಳುಪು ಫಿಲಂ ಪ್ರಪಂಚದಲ್ಲಿ ನಿಂತಿಲ್ಲ. ಕೊಡಕ್ ಟ್ರೈ-ಎಕ್ಸ್, ಇಲ್‌ಫೋರ್ಡ್ ಎಚ್‌ಪಿ-5 ಹೆಸರಾಂತವು, ಬೆಲೆಯೂ ಹಾಗೆಯೇ. ಅವಕ್ಕಿಂತ ಅಗ್ಗದ ಸಾಲಿನಲ್ಲಿ ಇಂಗ್ಲೆಂಡಿನ ಕೆಂಟ್‌ಮೇರ್ ಮತ್ತು 1921ರಿಂದ ನಡೆದು ಬಂದಿರುವ ಝೆಕ್ ದೇಶದ ಫೋಮಾ ಕಂಪನಿಯ ಫೋಮಾಪಾನ್ ಇವೆ. ಹೆಚ್ಚು ತೆಗೆಯುವವರು 100 ಅಡಿಯ ದೊಡ್ಡ ಸುರುಳಿ ತರಿಸಿ, ಖಾಲಿ ಡಬ್ಬಿಗಳಿಗೆ ತಾವೇ ತುಂಬಿಕೊಂಡರೆ 36 ಫೋಟೊಗಳ ಸುಮಾರು 18 ರೀಲು ಆಗುತ್ತವೆ. ನಾಲ್ಕಾರು ಮಂದಿ ಸೇರಿ ತರಿಸಿದರೆ ತಲಾ ಖರ್ಚು ಇನ್ನೂ ಇಳಿಯುತ್ತದೆ. ಕ್ಯಾಮರಾ ಹೊಸದು ಬೇಡ. ಕಪಾಟಿನಲ್ಲಿ ಧೂಳು ಹಿಡಿದಿರುವ ಯಾಶಿಕಾ ಇದ್ದರೆ, ಅದರ ಬಾಗಿಲು ಸರಿಯಾಗಿ ತೆರೆದು ಮುಚ್ಚುತ್ತಿದ್ದರೆ ಅದೇ ಸಾಕು.

ಬೆಳಕಿನ ಅಳತೆಗೆ ಯಂತ್ರವೂ ಅನಿವಾರ್ಯವಲ್ಲ. ನೆತ್ತಿಯ ಮೇಲೆ ಒಳ್ಳೆಯ ಬಿಸಿಲಿದ್ದು ಫಿಲಂ ವೇಗ 100 ಇದ್ದರೆ ಲೆನ್ಸಿನ ಸಂಖ್ಯೆ 16, ವೇಗ ಸೆಕೆಂಡಿನ 125ನೇ ಒಂದು ಭಾಗ. ಮರಳು, ಅಲೆ ಎರಡೂ ಬೆಳಕನ್ನು ಎರಚುವ ಕಡಲ ದಂಡೆಯಲ್ಲಿ 22ಕ್ಕೆ ಏರಿಸಬೇಕು. ಮೋಡ ಕವಿದಿದ್ದರೆ 8ಕ್ಕೆ ಇಳಿಸಬೇಕು. ಮುಖಗಳ ಗ್ರೂಪ್ ಫೋಟೊಗೆ ನಡುಹಗಲಿಗಿಂತ ಬೆಳಗಿನ ಎಂಟು-ಒಂಬತ್ತರ ಓರೆ ಬಿಸಿಲು ಹಿತವಾದುದು.

ಉಪ್ಪುಗಾಳಿ, ವಿನೆಗರ್ ವಾಸನೆ

ಇನ್ನು ಟ್ರಂಕಿನ ಮಾತು. ಬೆಳ್ಳಿ ಬಾಳುತ್ತದೆ, ಆದರೆ ಅದನ್ನು ಹೊತ್ತಿರುವ ಅಸಿಟೇಟ್ ಪಟ್ಟಿ ಸೆಖೆ ಮತ್ತು ತೇವಕ್ಕೆ ಸೋಲುತ್ತದೆ. ಲಕೋಟೆ ಬಿಚ್ಚಿದಾಗ ವಿನೆಗರಿನಂಥ ಹುಳಿ ವಾಸನೆ ಬಂದರೆ ಪಟ್ಟಿ ಕೊಳೆಯಲು ಶುರುವಾಗಿದೆ ಎಂದೇ ಅರ್ಥ. ಮುಂದೆ ಅದು ಸೊಟ್ಟಗಾಗಿ, ಕುಗ್ಗಿ, ಪುಡಿಯಾಗುತ್ತದೆ. ಆ ಆವಿ ಪಕ್ಕದ ಒಳ್ಳೆಯ ನೆಗೆಟಿವ್‌ಗಳನ್ನೂ ಕೆಡಿಸುವುದರಿಂದ ವಾಸನೆ ಬಂದವನ್ನು ಮೊದಲು ಬೇರ್ಪಡಿಸಬೇಕು. ಗಾಳಿಯ ತೇವ ಶೇ. 65 ದಾಟಿದರೆ ಜಿಲೆಟಿನ್ ಮೇಲೆ ಬೂಷ್ಟು ಹಿಡಿಯುತ್ತದೆ. ಕಡಲ ಪಕ್ಕದ ಎಂವಿಪಿ ಕಾಲೋನಿಯಲ್ಲಿ ಅದಕ್ಕಿಂತ ಹೆಚ್ಚು ತೇವವಿರುವ ದಿನಗಳೇ ಬಹಳ.

2014ರ ಅಕ್ಟೋಬರ್ 12ರಂದು ವಿಶಾಖಪಟ್ಟಣಕ್ಕೆ ಅಪ್ಪಳಿಸಿದ ಹುದ್‌ಹುದ್ ಚಂಡಮಾರುತವನ್ನು ಈ ಊರಿನವರು ಮರೆಯುವಂತಿಲ್ಲ. ಕಿಟಕಿಗಳು ಒಡೆದು ಮನೆಯೊಳಗೆ ಮಳೆ ನುಗ್ಗಿತು, ದಿನಗಟ್ಟಲೆ ವಿದ್ಯುತ್ ಇರಲಿಲ್ಲ. ಇಂಥ ಸಂದರ್ಭದಲ್ಲಿ ನೆನೆದ ನೆಗೆಟಿವ್‌ಗಳನ್ನು ಬಿಸಿಲಿಗೆ ಹರಡುವುದು, ಒಂದಕ್ಕೊಂದು ಅಂಟಿದವನ್ನು ಎಳೆದು ಬಿಡಿಸುವುದು ಎರಡೂ ತಪ್ಪು. ಅವನ್ನು ತಣ್ಣನೆಯ ಶುದ್ಧ ನೀರಿನಲ್ಲೇ ಇಟ್ಟು, ತಾವಾಗಿ ಬಿಟ್ಟುಕೊಂಡ ಮೇಲೆ ನಿಧಾನವಾಗಿ ಜಾಲಾಡಿ, ನೆರಳಿನಲ್ಲಿ ಕ್ಲಿಪ್ಪು ಹಾಕಿ ತೂಗುಬಿಡಬೇಕು. ಎರಡು ದಿನದೊಳಗೆ ಈ ಕೆಲಸ ಆಗಬೇಕು.

ಸಾಮಾನ್ಯ ದಿನಗಳಲ್ಲಿ ಮಾಡಬೇಕಾದ್ದು ಇಷ್ಟೇ: ಹಳೆಯ ಪ್ಲಾಸ್ಟಿಕ್ ಹಾಳೆಗಳಿಂದ ನೆಗೆಟಿವ್ ಹೊರತೆಗೆದು ಆಮ್ಲವಿಲ್ಲದ ಕಾಗದ ಅಥವಾ ಪಾಲಿಪ್ರೊಪಿಲೀನ್ ಲಕೋಟೆಗೆ ಹಾಕುವುದು, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಡನೆ ಇಡುವುದು, ಹೊರಗೋಡೆಗೆ ತಾಗಿದ ಕಪಾಟು ಮತ್ತು ಅಟ್ಟ ಬಿಟ್ಟು ಮನೆಯ ನಡುವಿನ ತಣ್ಣನೆಯ ಜಾಗ ಆರಿಸುವುದು. ಬೆರಳು ತಾಗದಂತೆ ಅಂಚನ್ನಷ್ಟೇ ಹಿಡಿಯಬೇಕು.

ಸಂಘಗಳು ಮುಂದಾಗಲಿ

ನೆಗೆಟಿವ್ ಪ್ರತಿ ಮಾಡಲು ದೊಡ್ಡ ಯಂತ್ರ ಬೇಕೇಬೇಕೆಂದಿಲ್ಲ. ಸಮನಾಗಿ ಬೆಳಗುವ ಬಿಳಿಯ ದೀಪದ ಫಲಕ, ಕ್ಯಾಮರಾ ಅಲುಗದಂತೆ ನಿಲ್ಲಿಸುವ ಸ್ಟ್ಯಾಂಡ್ ಇದ್ದರೆ ಡಿಜಿಟಲ್ ಕ್ಯಾಮರಾದಿಂದಲೇ ಒಳ್ಳೆಯ ಪ್ರತಿ ಬರುತ್ತದೆ. ಕಂಪ್ಯೂಟರಿನಲ್ಲಿ ಕಪ್ಪನ್ನು ಬಿಳಿ ಮಾಡಿದರೆ ಮುಖಗಳು ಎದ್ದು ಬರುತ್ತವೆ. ಎಡ-ಬಲ ತಿರುವುಮುರುವಾಗಿದೆಯೇ ಎಂಬ ಸಂಶಯ ಬಂದರೆ ಹಿಂದಿನ ಬ್ಯಾನರ್ ನೋಡಿದರಾಯಿತು. ಕನ್ನಡ ಅಕ್ಷರ ಸರಿಯಾಗಿ ಓದಲು ಬಂದರೆ ಚಿತ್ರ ಸರಿಯಾಗಿದೆ.

ಪ್ರತಿ ಮಾಡಿಕೊಂಡ ಮೇಲೂ ನೆಗೆಟಿವ್ ಎಸೆಯಬಾರದು. ಫೋನು ಕೈಜಾರಿ ಬಿದ್ದರೆ, ಹಾರ್ಡ್ ಡಿಸ್ಕ್ ಕೆಟ್ಟರೆ ಸಾವಿರ ಫೋಟೊ ಒಂದೇ ಏಟಿಗೆ ಹೋಗುತ್ತದೆ. ನೆಗೆಟಿವನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಸಾಕು, ಯಾವ ಪಾಸ್‌ವರ್ಡೂ ಇಲ್ಲದೆ ಚಿತ್ರ ಕಾಣುತ್ತದೆ.

ಇದಕ್ಕಿಂತ ಅವಸರದ ಕೆಲಸ ಮತ್ತೊಂದಿದೆ. ನೆಗೆಟಿವ್ ಉಳಿದರೂ ಅದರಲ್ಲಿರುವವರು ಯಾರೆಂದು ಹೇಳಬಲ್ಲ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾದಾಗ ಇಪ್ಪತ್ತೈದರ ಯುವಕರಾಗಿದ್ದವರಿಗೆ ಈಗ ಎಪ್ಪತ್ತೈದು ದಾಟಿದೆ. ಎರಡನೇ ಸಾಲಿನ ಎಡದಿಂದ ಮೂರನೆಯವರು ಯಾರು, ಹಾರ್ಮೋನಿಯಂ ಮುಂದೆ ಕುಳಿತ ಹೆಂಗಸು ಯಾರ ಮನೆಯವರು ಎಂಬುದು ಅವರಿಗೆ ಮಾತ್ರ ಗೊತ್ತು.

ಆದ್ದರಿಂದ ಮುಂದಿನ ರಾಜ್ಯೋತ್ಸವಕ್ಕೆ ಮೊದಲು ಪ್ರತಿಯೊಂದು ಸಂಘವೂ ಒಂದು ಭಾನುವಾರವನ್ನು ಇದಕ್ಕೆ ಮೀಸಲಿಡುವುದು ಒಳ್ಳೆಯದು. ಸದಸ್ಯರು ಮನೆಯ ಹಳೆಯ ಲಕೋಟೆಗಳನ್ನು ತರಲಿ. ಕಂಪ್ಯೂಟರ್ ಬಲ್ಲ ಮಕ್ಕಳು ಪ್ರತಿ ತೆಗೆಯಲಿ, ಹಿರಿಯರು ಹೆಸರು ಹೇಳಲಿ, ಯಾರಾದರೊಬ್ಬರು ವಹಿಯಲ್ಲಿ ಸಂಖ್ಯೆ ಹಾಕಿ ಬರೆದುಕೊಳ್ಳಲಿ. ಅದೇ ದಿನ ಹೊಸದೊಂದು ಕಪ್ಪು-ಬಿಳುಪು ರೀಲು ಕ್ಯಾಮರಾಕ್ಕೆ ಏರಿಸಿ, ಹಾಜರಿದ್ದವರೆಲ್ಲರ ಗ್ರೂಪ್ ಫೋಟೊ ತೆಗೆದು, ಮಕ್ಕಳ ಕಣ್ಣೆದುರೇ ತೊಳೆದು ತೋರಿಸಿದರೆ ಇನ್ನೂ ಚೆನ್ನ. ಹನಿ ತೊಟ್ಟಿಕ್ಕುವ ಪಟ್ಟಿಯಲ್ಲಿ ತಮ್ಮ ಮುಖವನ್ನು ತಾವೇ ಗುರುತಿಸಿದ ಮಗು ಅಜ್ಜನ ಟ್ರಂಕನ್ನು ಗುಜರಿಗೆ ಹಾಕಲು ಬಿಡುವುದಿಲ್ಲ.